ರವೆ ಉಂಡೆಯ ಸೂಪೂ ಮೆಂತ್ಯದ ವಾಸನೆಯೂ

"ರಸಾಯನಶಾಸ್ತ್ರದ ಮೇಲೊಂದು ಲೇಖನ ಬರೆದುಕೊಡಿ, ಆದರೆ ಮನೆಮಂದಿಯೆಲ್ಲ ಓದುವಂತಿರಲಿ" ಎಂದು ಸಂಪಾದಕರು ಅಪ್ಪಣೆ ಮಾಡಿದ್ದಾರೆ. ಮನೆಮಂದಿಯೆಲ್ಲ ಓದುವಂಥ ರಸಾಯನವೆಂದರೆ ಒಲೆಯ ಮೇಲೆ ನಡೆಯುವುದೊಂದೇ. ಹಗಲೆಲ್ಲ ಪ್ರಯೋಗಶಾಲೆಯಲ್ಲಿ ಗಾಜಿನ ಬುಂಡೆಗಳ ಮುಂದೆ ನಿಲ್ಲುವವನಿಗೆ ಸಂಜೆ ಅಡಿಗೆಮನೆಯ ಪಾತ್ರೆಯ ಮುಂದೆ ನಿಲ್ಲುವುದು ಕಷ್ಟವೇನಲ್ಲ. ಇಲ್ಲಿ ತಯಾರಾದದ್ದನ್ನು ತಿನ್ನಬಹುದು ಎಂಬುದೇ ವ್ಯತ್ಯಾಸ. ಆದ್ದರಿಂದ ಈ ಸಲ ನಮ್ಮ ಮ್ಯೂನಿಕ್ ಊರಿನ ರವೆ ಉಂಡೆಯ ಸೂಪಿನ ವಿಚಾರ.

ಬವೇರಿಯದಲ್ಲೂ ಪಕ್ಕದ ಆಸ್ಟ್ರಿಯದಲ್ಲೂ ಇದಕ್ಕೆ ಗ್ರೀಸ್‌ನೋಕರ್ಲ್ ಸೂಪು ಎನ್ನುತ್ತಾರೆ. ಗ್ರೀಸ್ ಎಂದರೆ ಗಾಡಿಗೆ ಹಚ್ಚುವ ಗ್ರೀಸಲ್ಲ, ಜರ್ಮನ್ನರ ಬಾಯಲ್ಲಿ ರವೆಗೆ ಅದೇ ಹೆಸರು. ತಿಳಿಯಾದ ಬಿಸಿ ಸಾರಿನಲ್ಲಿ ಎರಡು ಮೂರು ರವೆ ಉಂಡೆ, ಮೇಲೆ ಹೆಚ್ಚಿದ ಸೊಪ್ಪು. ನೋಡಿದರೆ ಉಂಡೆ ಮಜ್ಜಿಗೆಹುಳಿಯ ದೂರದ ನೆಂಟನ ಹಾಗೆ ಕಾಣುತ್ತದೆ. ಹೊರಗೆ ಹಿಮ ಬೀಳುತ್ತಿರುವಾಗ ಹೋಟೆಲಿನಲ್ಲಿ ಇದನ್ನು ಕಂಡು ಆಸೆಪಡದ ನಮ್ಮವರಿಲ್ಲ. ಆದರೆ ಆ ತಿಳಿಸಾರು ಸಾಮಾನ್ಯವಾಗಿ ದನದ ಮೂಳೆ ಮಾಂಸ ಬೇಯಿಸಿ ಬಸಿದದ್ದು. "ಇದರಲ್ಲಿ ಮಾಂಸ ಇದೆಯೇ?" ಎಂದು ಕೇಳಿದರೆ ಬಡಿಸುವವರು "ಒಂದು ಚೂರೂ ಇಲ್ಲ" ಎಂದು ಪ್ರಾಮಾಣಿಕವಾಗಿ ಹೇಳಿಬಿಡುತ್ತಾರೆ. ಅವರ ಲೆಕ್ಕದಲ್ಲಿ ನೀರು ಮಾಂಸವಲ್ಲ. ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆ, "ಸಾರು ಯಾವುದರದು?" ಎಂದು.

ಕಳೆದ ಜನವರಿಯಲ್ಲಿ ನಮ್ಮಲ್ಲಿ ಬಾಣಂತನ. ಹಾಸನದಿಂದ ಅತ್ತೆಯವರು ಬಂದಿದ್ದರು. ಮಗಳಿಗೆ ಮೆಣಸಿನ ಸಾರು, ಮೆಂತ್ಯದ ಹಿಟ್ಟು ಎಲ್ಲ ಕಟ್ಟಿಕೊಂಡು ಬಂದವರು ತಮ್ಮ ಪಾಲಿಗೆ ಮಾತ್ರ ಮೂರು ವಾರ ಅನ್ನ, ಮೊಸರು, ಉಪ್ಪಿನಕಾಯಿಯಲ್ಲೇ ಕಳೆದರು. ಹೊರಗೆ ಕಾಲಿಡಲಾಗದ ಚಳಿ, ಭಾಷೆ ಬಾರದು, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಕಿಟಕಿಯ ಹತ್ತಿರ ಕೂತು, "ಇಲ್ಲಿ ಜನ ಇದ್ದಾರೋ ಇಲ್ಲವೋ ಅದೇ ಗೊತ್ತಾಗಲ್ಲ" ಅನ್ನುತ್ತಿದ್ದರು. ಅಷ್ಟರಲ್ಲಿ ಕೆಳಮಹಡಿಯ ಅಜ್ಜಿ, ಎಪ್ಪತ್ತು ದಾಟಿದ ಒಂಟಿ ಹೆಂಗಸು, ಮಗು ಹುಟ್ಟಿದ ಸುದ್ದಿ ತಿಳಿದು ಒಂದು ಪಾತ್ರೆ ರವೆ ಉಂಡೆಯ ಸೂಪು ಹಿಡಿದು ಬಾಗಿಲಿಗೆ ಬಂದರು. ಸಾರು ಮಾಂಸದ್ದು, ಉಂಡೆಯಲ್ಲಿ ಮೊಟ್ಟೆ. ಮೆಟ್ಟಿಲ ಮೇಲೆ ನಿಂತೇ ವಿವರಿಸಬೇಕಾಯಿತು. ಅಜ್ಜಿ ಬೇಸರಪಡಲಿಲ್ಲ. "ಸಾರು ಬೇಡವೋ, ಉಂಡೆ ಬೇಡವೋ?" ಎಂದು ಸ್ಪಷ್ಟವಾಗಿ ಕೇಳಿದರು. ಎರಡೂ ಬೇಡ ಎಂದೆ. ಮೂರು ದಿನ ಬಿಟ್ಟು ಬರೀ ತರಕಾರಿಯ ಸಾರು ಮಾಡಿಕೊಂಡು ಬಂದರು; ಉಂಡೆಯ ಜವಾಬ್ದಾರಿ ನಮಗೇ ಬಿಟ್ಟರು. ಅತ್ತೆಯವರು ಅನುಮಾನದಿಂದಲೇ ಒಂದು ಚಮಚ ಬಾಯಿಗಿಟ್ಟು, "ಇದಕ್ಕೆ ಮೆಂತ್ಯ ಹಾಕಿದ್ದಾರೆ ಅಲ್ವೇನ್ರೀ?" ಎಂದರು.

ಅಜ್ಜಿ ಜನ್ಮದಲ್ಲಿ ಮೆಂತ್ಯ ಕಂಡವರಲ್ಲ. ಆದರೂ ಅತ್ತೆಯವರ ಮಾತು ಸರಿ. ಹೇಗೆಂದು ಹೇಳಲು ಸ್ವಲ್ಪ ಸುತ್ತಿ ಬರಬೇಕು.

ರುಚಿಯಾದ ಸಾರಿಗೆ ಮಾಂಸವೇ ಮೂಲ ಎಂಬ ನಂಬಿಕೆಗೆ ಈ ದೇಶದಲ್ಲಿ ಬಲ ಕೊಟ್ಟವರಲ್ಲಿ ನಮ್ಮ ವೃತ್ತಿಯ ಹಿರಿಯರೇ ಒಬ್ಬರು. ಯೂಸ್ಟುಸ್ ಫಾನ್ ಲೀಬಿಗ್ 1824ರಿಂದ ಗೀಸನ್ನಿನಲ್ಲಿ ಪಾಠ ಹೇಳಿ, 1852ರಲ್ಲಿ ಮ್ಯೂನಿಕ್ಕಿಗೆ ಬಂದು, 1873ರಲ್ಲಿ ಇಲ್ಲಿಯೇ ತೀರಿಕೊಂಡರು. ಮಾಕ್ಸಿಮಿಲಿಯನ್ ಚೌಕದಲ್ಲಿ ಅವರ ಪ್ರತಿಮೆಯಿದೆ. ಮಾಂಸದ ಸಾರನ್ನು ಬತ್ತಿಸಿ ಗಟ್ಟಿ ಲೇಹ್ಯ ಮಾಡುವ ವಿಧಾನ ಅವರದು. ಒಂದು ಕಿಲೋ ಲೇಹ್ಯಕ್ಕೆ ಸುಮಾರು ಮೂವತ್ತು ಕಿಲೋ ಮಾಂಸ ಬೇಕಾಗಿದ್ದರಿಂದ ದನ ಅಗ್ಗವಾಗಿದ್ದ ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಕಾರ್ಖಾನೆ ನಡೆಯಿತು. ಅದು ರೋಗಿಗಳಿಗೆ ಬಹಳ ಪುಷ್ಟಿ ಎಂದು ಲೋಕ ನಂಬಿತು. ಅದರಲ್ಲಿ ರುಚಿಯಿತ್ತೇ ಹೊರತು ಪುಷ್ಟಿ ಅಷ್ಟೇನೂ ಇರಲಿಲ್ಲವೆಂಬುದು ಮುಂದೆ ತಿಳಿಯಿತು.

ಆ ರುಚಿಯ ಗುಟ್ಟು ಮಾಂಸದಲ್ಲಿ ಮಾತ್ರ ಇಲ್ಲ ಎಂಬುದಕ್ಕೂ ಜರ್ಮನಿಯಲ್ಲೇ ಸಾಕ್ಷಿ ಸಿಕ್ಕಿತು. 1866ರಲ್ಲಿ ರಿಟ್‌ಹೌಸನ್ ಎಂಬ ರಸಾಯನಜ್ಞರು ಗೋಧಿಯ ಅಂಟಿನಿಂದ ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿದರು. ಲೈಪ್‌ಜಿಗ್‌ನಲ್ಲಿ ಓದಿ ಹೋಗಿದ್ದ ಜಪಾನಿನ ಇಕೇಡ 1908ರಲ್ಲಿ ಕಡಲ ಪಾಚಿಯ ಸಾರಿನಲ್ಲಿ ಅದನ್ನೇ ಕಂಡು, ಉಪ್ಪು, ಹುಳಿ, ಸಿಹಿ, ಕಹಿಗಳಲ್ಲದ ಇನ್ನೊಂದು ರುಚಿ ಇದರದು ಎಂದರು. ಹಣ್ಣಾದ ಟೊಮೇಟೊದಲ್ಲಿ ಅದಿದೆ, ಒಣ ಅಣಬೆಯಲ್ಲೂ ಇದೆ. ಅಣಬೆಯಲ್ಲಿ ಈ ರುಚಿಯನ್ನು ಹಲವು ಪಾಲು ಹೆಚ್ಚಿಸಿ ತೋರಿಸುವ ಇನ್ನೊಂದು ವಸ್ತುವೂ ಉಂಟು. ಅಣಬೆ ತಿನ್ನದವರು ಎರಡು ಟೊಮೇಟೊ ಹೆಚ್ಚು ಹಾಕಿಕೊಳ್ಳಲಿ.

ನಮ್ಮ ಮಕ್ಕಳು ಸೇವಿಗೆಯ ಹೆಸರೆಂದು ತಿಳಿದಿರುವ ಮ್ಯಾಗಿ ಒಬ್ಬ ಮನುಷ್ಯನ ಹೆಸರು. ಯೂಲಿಯುಸ್ ಮ್ಯಾಗಿ ಸ್ವಿಟ್ಜರ್ಲೆಂಡಿನ ಗಿರಣಿ ಮಾಲೀಕರು. ಕಾರ್ಖಾನೆಗೆ ದುಡಿಯಲು ಹೋಗುವ ಹೆಂಗಸರಿಗೆ ಅಡಿಗೆಗೆ ಹೊತ್ತಿಲ್ಲ, ಮಾಂಸಕ್ಕೆ ಹಣವಿಲ್ಲ, ಅಗ್ಗದ ಬೇಳೆಕಾಳೇ ಗತಿ ಎಂದು ಷೂಲರ್ ಎಂಬ ವೈದ್ಯರು ಹೇಳಿದ್ದನ್ನು ಹಿಡಿದು, 1880ರ ದಶಕದಲ್ಲಿ ಬೇಳೆ ಹಿಟ್ಟಿನ ಸೂಪು ಮಾರಿದವರು. ಬೇಳೆಯ ಮಹಿಮೆ ಸ್ವಿಸ್ ಜನಕ್ಕೆ ತಿಳಿಯಲು ಅಷ್ಟು ಕಾಲ ಬೇಕಾಯಿತು! 1886ರಲ್ಲಿ ಸಸ್ಯದ ಪ್ರೋಟೀನನ್ನು ಒಡೆದು ಮಾಡಿದ ಕಂದು ದ್ರವ ಸೀಸೆಯಲ್ಲಿ ಬಂತು. ಜರ್ಮನ್ ಮನೆಗಳ ಊಟದ ಮೇಜಿನ ಮೇಲೆ ನೀವು ಕಂಡಿರುತ್ತೀರಿ.

ಇನ್ನು ಅಜ್ಜಿಯ ಎಲೆಗೆ ಬರೋಣ. ಲೀಬ್‌ಷ್ಟೋಕೆಲ್ ಎಂಬ ಗಿಡ, ನೋಡಲು ದೊಡ್ಡೆಲೆಯ ಕೊತ್ತಂಬರಿಯಂತೆ. ಜನ ಇದಕ್ಕೆ 'ಮ್ಯಾಗಿ ಸೊಪ್ಪು' ಎನ್ನುತ್ತಾರೆ. ಆ ಸೀಸೆಯೊಳಗೆ ಈ ಸೊಪ್ಪು ಇಲ್ಲ, ವಾಸನೆ ಮಾತ್ರ ಒಂದೇ. ಕಾರಣ, ಸೊಟೊಲಾನ್ ಎಂಬ ಚಿಕ್ಕ ಅಣು. ಪ್ರೋಟೀನು ಒಡೆದಾಗ ಸೀಸೆಯಲ್ಲೂ ಹುಟ್ಟುತ್ತದೆ, ಈ ಸೊಪ್ಪಿನಲ್ಲೂ ಇದೆ, ನಮ್ಮ ಮೆಂತ್ಯದ ಕಾಳಿನ ವಾಸನೆಗಂತೂ ಅದೇ ಮುಖ್ಯ ಕಾರಣ. ಅತಿ ಕಡಿಮೆಯಿದ್ದರೆ ಸುಟ್ಟ ಸಕ್ಕರೆಯ ಘಮ, ಹೆಚ್ಚಾದರೆ ಮೆಂತ್ಯದ ಘಾಟು. ಬಾಣಂತಿಕೋಣೆಯ ಸಿಹಿಗಹಿ ವಾಸನೆಗೂ ಇದೇ ಕಾರಣ, ಏಕೆಂದರೆ ತಿಂದ ಮೆಂತ್ಯದ ಸೊಟೊಲಾನ್ ಬೆವರಿನಲ್ಲೂ ಹೊರಬರುತ್ತದೆ. ನಮ್ಮ ಸಂಸ್ಥೆಯಲ್ಲಿ ಇದನ್ನು ಪತ್ತೆಮಾಡಲು ಆಳೆತ್ತರದ ಯಂತ್ರವಿದೆ. ಅತ್ತೆಯವರಿಗೆ ಒಂದು ಚಮಚ ಸಾಕಾಯಿತು.

ಈಗ ಮಾಡುವ ಕ್ರಮ. ಇಲ್ಲಿನ ಅಂಗಡಿಗಳಲ್ಲಿ ಕ್ಯಾರೆಟ್, ಸೆಲೆರಿ ಗೆಡ್ಡೆ, ಲೀಕ್, ಪಾರ್ಸ್ಲಿ ಇವುಗಳನ್ನು ಒಟ್ಟಿಗೆ ಕಟ್ಟಿದ ಸೂಪಿನ ಕಟ್ಟು ಸಿಗುತ್ತದೆ. ಲೀಕ್ ಒಂದನ್ನು ಬಿಟ್ಟರೆ ಉಳಿದವೆಲ್ಲ ಕೊತ್ತಂಬರಿ, ಜೀರಿಗೆ, ಓಮ, ಇಂಗುಗಳ ಕುಟುಂಬದವೇ. ನಮ್ಮ ಸಾರಿನ ಪುಡಿಯ ದಾಯಾದಿಗಳು. ಅರ್ಧ ಕಿಲೋದ ಒಂದು ಕಟ್ಟಿಗೆ ಒಂದೂವರೆ ಲೀಟರ್ ನೀರು. ಈರುಳ್ಳಿಯನ್ನು ಸಿಪ್ಪೆ ಸಮೇತ ತೊಳೆದು ಅಡ್ಡ ಕೊಯ್ದು, ಕೊಯ್ದ ಮುಖವನ್ನು ಎಣ್ಣೆಯಿಲ್ಲದ ಕಾವಲಿಯ ಮೇಲೆ ಕಪ್ಪಾಗುವಷ್ಟು ಸುಡಿ. ಸಾರಿಗೆ ಹೊನ್ನಿನ ಬಣ್ಣ ಬರುವುದು ಆ ಸುಟ್ಟ ಮುಖದಿಂದ ಮತ್ತು ಹಳದಿ ಸಿಪ್ಪೆಯಿಂದ. ತರಕಾರಿಯನ್ನು ಒಂದು ಚಮಚ ಎಣ್ಣೆಯಲ್ಲಿ ಅಂಚು ಕಂದುವಂತೆ ಬಾಡಿಸಿ. ನೀರು, ಈರುಳ್ಳಿ, ಒಂದು ಟೊಮೇಟೊ, ನಾಲ್ಕು ಚೂರು ಒಣ ಅಣಬೆ, ಆರು ಕಾಳು ಮೆಣಸು, ಉಪ್ಪು ಹಾಕಿ ನಲವತ್ತು ನಿಮಿಷ ಸಣ್ಣ ಉರಿಯಲ್ಲಿಡಿ. ಕೋಸು ಬೇಡ, ಹೆಚ್ಚು ಬೆಂದರೆ ಗಂಧಕದ ವಾಸನೆ ಬರುತ್ತದೆ. ಇಳಿಸುವ ಮುಂಚೆ ಲೀಬ್‌ಷ್ಟೋಕೆಲ್ ಎಲೆ ಎರಡು. ಚಳಿಗಾಲದಲ್ಲಿ ಗಿಡ ನೆಲದೊಳಗೆ ಅಡಗುತ್ತದೆ, ಆದ್ದರಿಂದ ಅಜ್ಜಿ ಬೇಸಿಗೆಯಲ್ಲೇ ಎಲೆ ಕೊಯ್ದು ಫ್ರೀಜರಿನಲ್ಲಿಡುತ್ತಾರೆ. ಎಲೆ ಸಿಗದಿದ್ದರೆ ಹುರಿದ ಮೆಂತ್ಯ ಎಂಟು ಕಾಳು ಬಟ್ಟೆಯಲ್ಲಿ ಕಟ್ಟಿ ಕೊನೆಯ ಹತ್ತು ನಿಮಿಷ ಬಿಡಿ. ಎಂಟೇ ಕಾಳು, ಹದಿನೆಂಟಾದರೆ ಕಷಾಯವಾದೀತು.

ಉಂಡೆಗೆ ಇಲ್ಲಿಯವರ ಲೆಕ್ಕ ಚೆನ್ನಾಗಿದೆ. ಒಂದು ಮೊಟ್ಟೆ, ಮೊಟ್ಟೆಯ ತೂಕದಷ್ಟೇ ಬೆಣ್ಣೆ, ಅದರ ಎರಡರಷ್ಟು ರವೆ, ಚಿಟಿಕೆ ಜಾಕಾಯಿ. ಕಲಸಿ ಕಾಲು ಗಂಟೆ ಬಿಟ್ಟು, ಒದ್ದೆ ಚಮಚದಿಂದ ಉದ್ದುದ್ದ ಉಂಡೆ ಮಾಡಿ ಉಪ್ಪು ನೀರಿನಲ್ಲಿ ಬೇಯಿಸುವುದು. ಮೊಟ್ಟೆಯಲ್ಲಿರುವ ನೀರು ನಲವತ್ತು ಗ್ರಾಂ, ರವೆ ನೂರಹತ್ತು ಗ್ರಾಂ. ಹಾಗಾಗಿ ರವೆ ಅರಳಲು ಬೇಕಾದ ಉಳಿದ ನೀರೆಲ್ಲ ಹೊರಗಿನಿಂದ ನಿಧಾನವಾಗಿ ಒಳಹೋಗಬೇಕು. ಅದಕ್ಕೇ ಹತ್ತು ನಿಮಿಷ ಸಣ್ಣ ಉರಿ, ಮತ್ತೆ ಹತ್ತು ನಿಮಿಷ ಒಲೆ ಆರಿಸಿ ಮುಚ್ಚಳ. ಅವಸರ ಮಾಡಿದರೆ ನಡುವೆ ಗಟ್ಟಿ ಕಲ್ಲು; ಜೋರಾಗಿ ಕುದಿಸಿದರೆ ಉಂಡೆ ಒಡೆದು ಗಂಜಿ.

ಮೊಟ್ಟೆ ಬೇಡವೆನ್ನುವವರಿಗೆ ಅತ್ತೆಯವರ ಕ್ರಮ. ಉಂಡೆಯನ್ನು ಹಿಡಿದಿಡಲು ಏನಾದರೊಂದು ಬೇಕಷ್ಟೆ. ಮೊಟ್ಟೆಯಿಲ್ಲದಿದ್ದರೆ ರವೆಯ ಪಿಷ್ಟವೇ ಆ ಕೆಲಸ ಮಾಡಬಲ್ಲದು. ಗೋಧಿಯ ಪಿಷ್ಟ ಅರವತ್ತು ಡಿಗ್ರಿ ದಾಟಿದರೆ ನೀರು ಕುಡಿದು ಅಂಟಾಗುತ್ತದೆ. ಆದ್ದರಿಂದ ನೀರನ್ನು ಮೊದಲೇ ಕುಡಿಸಿಬಿಡುವುದು. ಕಾಲು ಲೀಟರ್ ನೀರುಹಾಲು, ಒಂದು ದೊಡ್ಡ ಚಮಚ ಬೆಣ್ಣೆ, ಉಪ್ಪು, ಜಾಕಾಯಿ ಕುದಿಸಿ, ನೂರು ಗ್ರಾಂ ಸಣ್ಣ ರವೆ ಉದುರಿಸಿ, ಪಾತ್ರೆಯ ತಳ ಬಿಡುವ ತನಕ ತಿರುವಿ. ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿಯಿರುವಾಗ ಒಂದು ಚಮಚ ಕಡಲೆಹಿಟ್ಟು ಸೇರಿಸಿ ನಾದಿ, ನೆಲ್ಲಿಕಾಯಿ ಗಾತ್ರ ಉಂಡೆ ಕಟ್ಟಿ. ನೀರಿಗೆ ಹಾಕುವ ಗೋಜೇ ಬೇಡ, ಇಡ್ಲಿ ತಟ್ಟೆಯಲ್ಲಿಟ್ಟು ಹತ್ತು ನಿಮಿಷ ಹಬೆ. ಅತ್ತೆಯವರು ಇದನ್ನು ನುಚ್ಚಿನುಂಡೆಯ ಲೆಕ್ಕದಲ್ಲಿ ಮಾಡಿದ್ದು. ಪಿಷ್ಟದ ಮಾತು ನಾನು ಆಮೇಲೆ ಸೇರಿಸಿದ್ದು. ಇಡ್ಲಿ ತಟ್ಟೆ ನೋಡಲು ಕೆಳಗಿನ ಅಜ್ಜಿ ತಾವೇ ಮೇಲೆ ಬಂದರು. ಒಬ್ಬರಿಗೆ ಕನ್ನಡ ಬಿಟ್ಟು ಬೇರೆ ಬಾರದು, ಇನ್ನೊಬ್ಬರಿಗೆ ಬವೇರಿಯದ ಮಾತು ಬಿಟ್ಟು ಬೇರೆ ಬಾರದು. ಒಂದೂವರೆ ಗಂಟೆ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ನಾನು ದುಭಾಷಿಯಾಗಲು ಹೋದವನು ಮಗು ಎತ್ತಿಕೊಂಡು ವಾಪಸು ಬಂದೆ.

ಬಡಿಸುವಾಗ ಉಂಡೆಯನ್ನು ಬಟ್ಟಲಿನಲ್ಲಿಟ್ಟು ಮೇಲೆ ಕುದಿಯುವ ಸಾರು ಹುಯ್ಯಬೇಕು. ಮಿಕ್ಕಿದ್ದನ್ನು ಬೇರೆ ಬೇರೆ ಪಾತ್ರೆಯಲ್ಲಿಡಿ. ಒಟ್ಟಿಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಉಂಡೆ ಸಾರನ್ನೆಲ್ಲ ಕುಡಿದು ಎರಡರಷ್ಟಾಗಿ ಕೂತಿರುತ್ತದೆ. ಲೀಬ್‌ಷ್ಟೋಕೆಲ್ ಗಿಡ ಬೇಕಾದವರು ಏಪ್ರಿಲ್ ಕಳೆದ ಮೇಲೆ ನಮ್ಮ ಮನೆಗೆ ಬನ್ನಿ. ಅಜ್ಜಿ ಬೇರು ಸೀಳಿ ಒಂದು ಕುಂಡ ಕೊಟ್ಟಿದ್ದಾರೆ, ಈಗದು ಬಾಲ್ಕನಿಯ ಕಟಕಟೆಗಿಂತ ಎತ್ತರವಾಗಿದೆ.