ನಿಮಗಿದು ಗೊತ್ತೇ? ಬಡ್ಡಿ ಇಳಿದರೆ ವಿಮಾ ಷೇರು ಏರುತ್ತದೆಯೇ?

2025ರ ಜೂನ್ 6ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಒಂದೇ ಏಟಿಗೆ ಶೇ 6ರಿಂದ 5.50ಕ್ಕೆ ಇಳಿಸಿತು. ಅಂದು ಚೆನ್ನೈನ ಕಾಸಿಮೇಡು ಬಂದರಿಗೆ ಮೀನುಗಾರಿಕೆ ನಿಷೇಧದ ಕಾಲ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹೊಸ ಸರಕು ಕಡಿಮೆಯಾದರೆ ಐಸ್‌ಪೆಟ್ಟಿಗೆಯಲ್ಲಿರುವ ವಂಜರಕ್ಕೆ, ಅಂದರೆ ನಮ್ಮ ಮಂಗಳೂರಿನವರ ಅಂಜಲ್‌ಗೆ, ಬೆಲೆ ಏರುತ್ತದೆ. ಬಾಂಡ್ ಪೇಟೆಯಲ್ಲೂ ಹಾಗೆಯೇ: ಹೊಸ ಬಾಂಡ್‌ಗಳ ಬಡ್ಡಿ ತಗ್ಗಿದರೆ ಹೆಚ್ಚು ಬಡ್ಡಿಯ ಹಳೇ ಬಾಂಡ್‌ಗೆ ಗಿರಾಕಿ.

● ಶೇ 7ರ ಬಡ್ಡಿ ಕೊಡುವ 100 ರೂಪಾಯಿಯ 10 ವರ್ಷದ ಬಾಂಡ್ ಇದೆ ಎನ್ನಿ. ಪೇಟೆ ಬಡ್ಡಿ ಶೇ 6ಕ್ಕೆ ಇಳಿದರೆ ಅದರ ಬೆಲೆ ಸುಮಾರು 107. ಅವಧಿ 40 ವರ್ಷವಾದರೆ 115!

● ಜೀವ ವಿಮಾ ಕಂಪನಿಗಳು ತಮ್ಮ ಸಾಂಪ್ರದಾಯಿಕ ಪಾಲಿಸಿಗಳ ನಿಧಿಯಲ್ಲಿ ಕನಿಷ್ಠ ಅರ್ಧವನ್ನು ಸರ್ಕಾರಿ ಸಾಲಪತ್ರ ಮತ್ತು ಅನುಮೋದಿತ ಪತ್ರಗಳಲ್ಲಿ ಇಡಲೇಬೇಕು. ಹಾಗಾದರೆ ಬಡ್ಡಿ ಇಳಿದಾಗ ಷೇರುದಾರರಿಗೆ ಹಬ್ಬವೇ? ಅವಸರ ಬೇಡ. 30 ವರ್ಷದ ನಂತರ ಖಚಿತವಾಗಿ 1 ಲಕ್ಷ ಕೊಡುತ್ತೇವೆಂದು ಮಾತು ಕೊಟ್ಟ ಕಂಪನಿ, ಶೇ 7ರ ಲೆಕ್ಕದಲ್ಲಿ ಇಂದು 13,137 ರೂಪಾಯಿ ತೆಗೆದಿಟ್ಟರೆ ಸಾಕು. ಶೇ 6ರ ಲೆಕ್ಕದಲ್ಲಿ 17,411 ಬೇಕು. ಮೇಲಿನ 40 ವರ್ಷದ ಬಾಂಡ್ ಎಂಬ ಆಸ್ತಿ ಶೇ 15 ಬೆಳೆದರೆ ಈ ಹೊಣೆ ಶೇ 33 ಬೆಳೆಯಿತು! ಮುಂದೆ ಬರುವ ಪ್ರೀಮಿಯಂ ಹಣವನ್ನೂ ಕಡಿಮೆ ಬಡ್ಡಿಗೇ ಹೂಡಬೇಕು. ‘ದರ ಕಡಿತ, ವಿಮಾ ಷೇರು ಕೊಳ್ಳಿ’ ಎನ್ನುವ ಟಿವಿ ಪಂಡಿತರು ಈ ಎರಡನೇ ಲೆಕ್ಕ ಹೇಳುವುದು ಅಪರೂಪ.

● ಜಪಾನಿನಲ್ಲಿ 1997ರಿಂದ 2001ರೊಳಗೆ ಏಳು ಜೀವ ವಿಮಾ ಕಂಪನಿಗಳು ಮುಳುಗಿದವು. ಮೊದಲನೆಯದು ನಿಸ್ಸಾನ್ ಮ್ಯೂಚುಯಲ್. ಬಡ್ಡಿ ಚೆನ್ನಾಗಿದ್ದಾಗ ದೊಡ್ಡ ಗ್ಯಾರಂಟಿ ಕೊಟ್ಟು, ಬಡ್ಡಿ ಸೊನ್ನೆಯತ್ತ ಜಾರಿದಾಗ ಅದನ್ನು ತೀರಿಸಲಾಗದೆ ಹೋದದ್ದು ಮುಖ್ಯ ಕಾರಣ.

● ಬೋನಸ್ ಪಾಲಿಸಿಗಳಲ್ಲಿ ಪೆಟ್ಟು ಬೀಳುವುದು ಹೆಚ್ಚಾಗಿ ಪಾಲಿಸಿದಾರರಿಗೆ. ಅಲ್ಲಿ ಹೆಚ್ಚುವರಿಯ ಶೇ 90 ಅವರದು, ಷೇರುದಾರರಿಗೆ ಶೇ 10. ಗಳಿಕೆ ಕುಗ್ಗಿದರೆ ಬೋನಸ್ ಕುಗ್ಗುತ್ತದೆ. ಖಚಿತ ಆದಾಯದ ಪಾಲಿಸಿಗಳಲ್ಲಿ ಇದು ತಿರುವುಮುರುವು: ಪಾಲಿಸಿದಾರ ನೆಮ್ಮದಿಯಾಗಿರುತ್ತಾನೆ, ಷೇರುದಾರ ಬೆವರುತ್ತಾನೆ.

● ಎಲ್‌ಐಸಿಯ ಐಪಿಒ ಸಾರ್ವಜನಿಕರಿಗೆ ತೆರೆದದ್ದು 2022ರ ಮೇ 4ರಂದು. ಅದೇ ದಿನ ರಿಸರ್ವ್ ಬ್ಯಾಂಕ್ ಯಾರೂ ನಿರೀಕ್ಷಿಸದಿದ್ದಾಗ ರೆಪೊ ದರವನ್ನು ಶೇ 4.40ಕ್ಕೆ ಏರಿಸಿತು! 949 ರೂಪಾಯಿಗೆ ಕೊಟ್ಟ ಷೇರು ಮೇ 17ರಂದು ಮುಂಬೈ ಷೇರುಪೇಟೆಯಲ್ಲಿ 867ರ ಆಸುಪಾಸಿನಲ್ಲಿ ವಹಿವಾಟು ಶುರುಮಾಡಿತು. 60 ರೂಪಾಯಿ ರಿಯಾಯಿತಿ ಪಡೆದ ಪಾಲಿಸಿದಾರರೂ ಮೊದಲ ದಿನವೇ ನಷ್ಟ ಕಂಡರು.

● 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೊದಲ ಬಾರಿಗೆ 50 ವರ್ಷದ ಬಾಂಡ್ ಹರಾಜು ಹಾಕಿತು. ಅಷ್ಟು ದೀರ್ಘ ಸಾಲಪತ್ರ ಕೇಳುವವರು ಮುಖ್ಯವಾಗಿ ವಿಮಾ ಮತ್ತು ಪಿಂಚಣಿ ನಿಧಿಗಳೇ; ದೂರದ ಹೊಣೆಗೆ ದೂರದ ಆಸ್ತಿ ಬೇಕಲ್ಲ!

● 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್‌ಗೂ ಈ ಆಟದಲ್ಲಿ ಪಾಲಿದೆ. ಅದರ ಪಾಲಿರುವ ಜೀವ ವಿಮಾ ಕಂಪನಿ ಕೆನರಾ ಎಚ್‌ಎಸ್‌ಬಿಸಿ ಲೈಫ್, ಬಡ್ಡಿ ಇಳಿಯುತ್ತಿದ್ದ ಕಾಲದಲ್ಲೇ, 2025ರ ಅಕ್ಟೋಬರ್ 17ರಂದು ಷೇರುಪೇಟೆ ಸೇರಿತು. ಕೊಟ್ಟ ಬೆಲೆ 106 ರೂಪಾಯಿ.

● 2025ರಲ್ಲಿ ರೆಪೊ ದರ ಒಟ್ಟು ಶೇ 1.25ರಷ್ಟು ತಗ್ಗಿ 5.25ಕ್ಕೆ ಬಂದರೂ 10 ವರ್ಷದ ಸರ್ಕಾರಿ ಬಾಂಡ್‌ನ ಬಡ್ಡಿ ಅಷ್ಟೊಂದು ಇಳಿಯಲಿಲ್ಲ. ವಿಮಾ ಕಂಪನಿಗೆ ಮುಖ್ಯವಾದದ್ದು ಈ ದೀರ್ಘಾವಧಿ ದರ. ಬಡ್ಡಿ ಇಳಿದರೆ ತಮ್ಮ ಎಂಬೆಡೆಡ್ ವ್ಯಾಲ್ಯೂ (ನಿವ್ವಳ ಆಸ್ತಿ ಮತ್ತು ಈಗಿರುವ ಪಾಲಿಸಿಗಳಿಂದ ಮುಂದೆ ಬರುವ ಲಾಭದ ಇಂದಿನ ಮೌಲ್ಯ) ಎಷ್ಟು ಏರುಪೇರಾಗುತ್ತದೆ ಎಂಬುದನ್ನು ಷೇರುಪೇಟೆಯ ದೊಡ್ಡ ವಿಮಾ ಕಂಪನಿಗಳು ವರದಿಯಲ್ಲಿ ಒಂದು ಕೋಷ್ಟಕವಾಗಿ ಕೊಡುತ್ತವೆ. ಷೇರು ಕೊಳ್ಳುವವರು ಮೊದಲು ತೆರೆಯಬೇಕಾದ ಪುಟ ಅದು.