ವೃದ್ಧಾಶ್ರಮದ ಲೆಕ್ಕಪತ್ರ ಮತ್ತು ರಾತ್ರಿ ಪಾಳಿ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಂತಹ ಗ್ರಾಮಗಳಿಂದ ಮಕ್ಕಳು ಉದ್ಯೋಗವನ್ನರಸಿ ದಾವಣಗೆರೆ, ಬೆಂಗಳೂರು ಸೇರಿದಾಗ ಊರಿನಲ್ಲುಳಿದ ಹಿರಿಯರ ಆರೈಕೆ ಯಾರ ಹೊಣೆ ಎಂಬ ಪ್ರಶ್ನೆ ಏಳುತ್ತದೆ. ಪೋಷಕರ ಹಾಗೂ ಹಿರಿಯ ನಾಗರಿಕರ ನಿರ್ವಹಣೆ ಕುರಿತ 2007ರ ಕೇಂದ್ರ ಕಾಯ್ದೆಯ 19ನೇ ಕಲಮು, ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ನಿರ್ಗತಿಕರಿಗೆ ಸ್ಥಳ ಎಂಬ ಗುರಿಯನ್ನು ರಾಜ್ಯಗಳ ಮುಂದಿಟ್ಟಿತು. ಆದರೆ ಜಿಲ್ಲಾ ಕೇಂದ್ರವಾದ ಹೊಸಪೇಟೆ ನೀಲಗುಂದಕ್ಕೆ ದೂರ, ದಾವಣಗೆರೆಯೇ ಹತ್ತಿರ. ಆದ್ದರಿಂದ ಸಮೀಪದ ಧರ್ಮಾರ್ಥ ಸಂಸ್ಥೆಗಳೇ ಆಸರೆಯಾಗಬೇಕು. ಅವುಗಳಿಗೆ ನಮ್ಮ ವರ್ತಕ ಬಾಂಧವರ ನೆರವು ಅಗತ್ಯ.

ದಾನಿಗಳ ಔದಾರ್ಯ ಸಾಮಾನ್ಯವಾಗಿ ಕಟ್ಟಡದತ್ತ ಹರಿಯುತ್ತದೆ. ಕೊಠಡಿಗೆ ನಾಮಫಲಕ ಹಾಕಿಸಬಹುದು, ಆಯಾಳ ಸಂಬಳಕ್ಕೆ ಹಾಕಿಸಲಾಗದು! ಆದರೆ ಆರೈಕೆಯ ಗುಣಮಟ್ಟ ಅಡಗಿರುವುದು ಆವರ್ತಕ ವೆಚ್ಚದಲ್ಲಿ. ಹಾಸಿಗೆ ಹಿಡಿದವರಿಗೆ ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ, ರಾತ್ರಿಗೂ ವಿನಾಯಿತಿಯಿಲ್ಲ. ವರ್ಷದ 365 ರಾತ್ರಿಗಳಲ್ಲಿ ವಾರದ ರಜೆ 52 ಕಳೆದರೆ ಒಬ್ಬ ಆಯಾಳಿಂದ ದೊರೆಯುವುದು 313 ಮಾತ್ರ. ಆಕೆಯ ಕಾಯಿಲೆ, ಹಬ್ಬ, ಜಾತ್ರೆಗಳು ಬೇರೆ. ಬದಲಿ ಸಿಬ್ಬಂದಿಯ ಸಂಬಳ ಅಂದಾಜುಪಟ್ಟಿಯಲ್ಲಿಲ್ಲವೆಂದರೆ ಆ ರಾತ್ರಿಗಳಲ್ಲಿ ವೃದ್ಧರು ಒಬ್ಬಂಟಿಗರೆಂದೇ ಅರ್ಥ.

ತೆರಿಗೆಯ ತೊಡಕೂ ಹೆಚ್ಚಿಲ್ಲ. ಅರುವತ್ತು ದಾಟಿದವರಿಂದ ಊಟ, ವಸತಿ, ನಿರ್ವಹಣೆ ಸೇರಿ ತಿಂಗಳಿಗೆ 25,000 ರೂಪಾಯಿವರೆಗೆ ಪಡೆಯುವ ನೋಂದಾಯಿತ ಧರ್ಮಾರ್ಥ ವೃದ್ಧಾಶ್ರಮಗಳ ಸೇವೆಗೆ 2018ರಲ್ಲಿ ಜಿಎಸ್‌ಟಿ ವಿನಾಯಿತಿ ದೊರೆಯಿತು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ವೆಚ್ಚಕ್ಕೆ 2013ರ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ವೃದ್ಧಾಶ್ರಮಗಳ ಸ್ಥಾಪನೆಯೂ ಸೇರಿದೆ.

ಚೆಕ್ಕು ಬರೆಯುವ ಮುನ್ನ ದಾನಿಗಳು ಕಟ್ಟಡದ ನಕ್ಷೆಯ ಜೊತೆಗೆ ರಾತ್ರಿ ಪಾಳಿಯ ಹಾಜರಿ ಪುಸ್ತಕವನ್ನೂ ಸಂಬಳದ ಪಟ್ಟಿಯನ್ನೂ ಕೇಳಿ ನೋಡತಕ್ಕದ್ದು.