ಇಷಾಪುರದ ಹಳೇ ರೈಫಲ್, ಟೆಕ್ಸಾಸ್‌ನ ಗುರಿ, ಜೇಬಿನಲ್ಲಿ ಉಳಿದ ಒಂದು ಗುಂಡು

ಇದು ಮೊನ್ನೆಯ ಮಾತಿನ ಬರಹ ರೂಪ. ವಿಡಿಯೊದಲ್ಲಿ ಕೈ ಆಡಿಸಿ ಮುಗಿಸಿಬಿಟ್ಟ ಲೆಕ್ಕಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ತ್ರೀ ನಾಟ್ ತ್ರೀ ರೈಫಲ್ ನಮಗೆಲ್ಲ ಗೊತ್ತು. ತಾಲ್ಲೂಕು ಖಜಾನೆ ಮುಂದೆ ನಿಂತ ಕಾನ್ಸ್‌ಟೇಬಲ್ ಹೆಗಲ ಮೇಲೆ ನೋಡಿದ್ದೀವಿ. ಮುಂಬೈನಲ್ಲಿರೋರಿಗೆ ಬೇರೆ ನೆನಪೂ ಇರುತ್ತೆ: 2008ರ ನವೆಂಬರ್ 26ರ ರಾತ್ರಿ ಸಿಎಸ್‌ಟಿ ನಿಲ್ದಾಣದಲ್ಲಿ ಕೆಲವು ಪೊಲೀಸರ ಕೈಯಲ್ಲಿದ್ದದ್ದು ಇದೇ. ಹೆಸರು ಲೀ-ಎನ್‌ಫೀಲ್ಡ್. ಇದರ ಬೋಲ್ಟ್ ವ್ಯವಸ್ಥೆ ರೂಪಿಸಿದವನು ಜೇಮ್ಸ್ ಪ್ಯಾರಿಸ್ ಲೀ. 1907ರಲ್ಲಿ ಬಂದ ಮಾರ್ಕ್ 3 ಮಾದರಿ ಎರಡು ಮಹಾಯುದ್ಧ ನೋಡಿತು. ತೂಕ ಸುಮಾರು 4 ಕೆಜಿ, ಮ್ಯಾಗಜೀನ್‌ನಲ್ಲಿ 10 ಗುಂಡು.

ನಾನು ಇದನ್ನ ಹತ್ತಿರದಿಂದ ನೋಡಿದ್ದು ನಮ್ಮ ದೇಶದಲ್ಲಿ ಅಲ್ಲ, ಟೆಕ್ಸಾಸ್‌ನಲ್ಲಿ. ಆನ್‌ಸೈಟ್ ಹೋಗಿದ್ದಾಗ ಕಾಲೇಜಿನ ಗೆಳೆಯನೊಬ್ಬ, ಗ್ರೀನ್ ಕಾರ್ಡ್ ಇರೋನು, ಶನಿವಾರ ರೇಂಜಿಗೆ ಕರ್ಕೊಂಡು ಹೋದ. ಚೀಲದಿಂದ ರೈಫಲ್ ತೆಗೆದು ಹಿಡಿಯ ಹತ್ತಿರದ ಲೋಹದ ಪಟ್ಟಿ ತೋರಿಸಿದ. ಮೇಲೆ ಕಿರೀಟ, ಕೆಳಗೆ ಜಿ ಆರ್ ಐ, ಅದರ ಕೆಳಗೆ ಇಷಾಪುರ, 1943. ಕೋಲ್ಕತ್ತಾ ಹತ್ತಿರದ ಕಾರ್ಖಾನೆಯಲ್ಲಿ ಆರನೇ ಜಾರ್ಜ್ ಹೆಸರಲ್ಲಿ ತಯಾರಾದ ಬಂದೂಕು, ಸೈನ್ಯಕ್ಕೆ ಬೇಡವಾದ ಮೇಲೆ ಸರ್ಪ್ಲಸ್ ಮಾಲಾಗಿ ಅಮೆರಿಕ ಸೇರಿದೆ. ಸ್ವಾತಂತ್ರ್ಯ ಬಂದ ಮೇಲೆ ಇಷಾಪುರದಲ್ಲೇ ತಯಾರಾದವುಗಳ ಮೇಲೆ ಕಿರೀಟದ ಜಾಗದಲ್ಲಿ ಅಶೋಕನ ಸಿಂಹ ಇರುತ್ತೆ.

‘ಹಿಡಿ’ ಅಂದ. ನಾನು ಹಿಡೀಲಿಲ್ಲ. ಭಯಕ್ಕಲ್ಲ, ವೀಸಾಕ್ಕೆ. ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಎಚ್‌1ಬಿ, ಎಲ್‌1, ಬಿ1 ಥರದ ತಾತ್ಕಾಲಿಕ ವೀಸಾದಲ್ಲಿ ಹೋದವರು ಬಂದೂಕಾಗಲಿ ಗುಂಡಾಗಲಿ ಹೊಂದಿರೋದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹತ್ತು ನಿಮಿಷ ಹಾರಿಸೋದೂ ಅದರೊಳಗೇ ಬರುತ್ತೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಇನ್ನೂ ಒಂದೆರಡು ಸಣ್ಣ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದೋರಿಗೆ ಈ ನಿಷೇಧ ಇಲ್ಲ. ಆದರೆ ಟೀಮ್ ಔಟಿಂಗ್ ಅಂತ ಹೋಗಿ ಫೋಟೊ ಹಾಕ್ಕೊಳ್ಳೋ ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ. ಅನುಮಾನ ಇದ್ದರೆ ವಕೀಲರನ್ನ ಕೇಳಿ, ಮ್ಯಾನೇಜರ್‌ನ ಅಲ್ಲ.

ಹಾಗಾಗಿ ನನ್ನ ಕೆಲಸ ದುರ್ಬೀನು ಹಿಡಿದು ಗುಂಡು ಎಲ್ಲಿ ಬಿತ್ತು ಅಂತ ಹೇಳೋದು. ಅದೇ ಒಳ್ಳೇದಾಯ್ತು, ಲೆಕ್ಕ ಹಾಕೋಕೆ ಪುರುಸೊತ್ತು ಸಿಕ್ತು.

ಗುರಿ 100 ಗಜ ದೂರ. ಮೊದಲ ಐದು ಗುಂಡು ಒಂದು ಅಂಗೈ ಅಗಲದ ಜಾಗದಲ್ಲಿ ಬಿದ್ದವು, ಆದರೆ ನಡುಬಿಂದುವಿಗಿಂತ ಸುಮಾರು 20 ಸೆಂಟಿಮೀಟರ್ ಮೇಲೆ. ಡೇಟಾ ನೋಡೋರಿಗೆ ಇದು ಪರಿಚಿತ: ಚದುರುವಿಕೆ ಕಡಿಮೆ, ಬಯಾಸ್ ಜಾಸ್ತಿ. ಗುಂಡುಗಳು ಒಟ್ಟಿಗೆ ಬೀಳ್ತಿವೆ ಅಂದ್ರೆ ಹಾರಿಸೋನ ಕೈ, ಉಸಿರು, ಬ್ಯಾರೆಲ್ ಎಲ್ಲ ಸರಿಯಿದೆ, ಸೈಟ್ ಮಾತ್ರ ಸರಿ ಮಾಡಬೇಕು. ಚೆಲ್ಲಾಪಿಲ್ಲಿ ಬೀಳ್ತಿದ್ದರೆ ಸೈಟ್ ಮುಟ್ಟೋದೇ ತಪ್ಪು. ಒಂದೇ ಗುಂಡು ನೋಡಿ ಸೈಟ್ ತಿರುಗಿಸೋದು ಒಂದೇ ಲಾಗ್ ಸಾಲು ನೋಡಿ ಕೋಡ್ ಬದಲಾಯಿಸಿದ ಹಾಗೆ.

ಮೇಲೆ ಯಾಕೆ ಬಿತ್ತು? ಗುಂಡು ಹೊರಟ ಕ್ಷಣದಿಂದಲೇ ಕಲ್ಲಿನ ಥರ ಕೆಳಗೆ ಬೀಳ್ತಾ ಇರುತ್ತೆ. ತ್ರೀ ನಾಟ್ ತ್ರೀ ಗುಂಡು ಸೆಕೆಂಡಿಗೆ ಸುಮಾರು 740 ಮೀಟರ್ ವೇಗದಲ್ಲಿ ಹೊರಡುತ್ತೆ. 100 ಗಜ ದಾಟೋಕೆ ಅಂದಾಜು 0.13 ಸೆಕೆಂಡ್. ಪಿಯುಸಿಯ ಅರ್ಧ ಜಿ ಟಿ ಸ್ಕ್ವೇರ್ ಹಾಕಿ: ಸುಮಾರು 8 ಸೆಂಟಿಮೀಟರ್ ಇಳಿಯುತ್ತೆ. 300 ಗಜಕ್ಕೆ ಇಳಿತ 80 ಸೆಂಟಿಮೀಟರ್‌ಗೂ ಹೆಚ್ಚು. ಅದಕ್ಕೇ ಸೈಟ್ ಕೆಳಗೆ ನೋಡ್ತಿದ್ದರೂ ಬ್ಯಾರೆಲ್ ಸ್ವಲ್ಪ ಮೇಲೆ ನೋಡೋ ಹಾಗೆ ಜೋಡಿಸಿರ್ತಾರೆ. ಈ ರೈಫಲ್ಲಿನ ಹಿಂದಿನ ಸೈಟ್ ಶುರುವಾಗೋದೇ 200 ಗಜದಿಂದ, ಯುದ್ಧಕ್ಕೆ ಮಾಡಿದ್ದಲ್ವಾ. ಹತ್ತಿರದ ಗುರಿಗೆ ಗುಂಡು ಮೇಲೆ ಬೀಳೋದು ಸಹಜ.

ಉಳಿದದ್ದು ಮುಂದಿನ ಕಡ್ಡಿಯ ಎತ್ತರ. ಇಲ್ಲಿ ಸಮರೂಪ ತ್ರಿಭುಜ ಬರುತ್ತೆ. ಎರಡು ಸೈಟ್‌ಗಳ ನಡುವೆ ಅಂತರ ಸುಮಾರು 49 ಸೆಂಟಿಮೀಟರ್. ಅಲ್ಲಿ 1 ಮಿಲಿಮೀಟರ್ ತಪ್ಪಿದರೆ 100 ಗಜದಲ್ಲಿ ಹತ್ತಿರಹತ್ತಿರ 19 ಸೆಂಟಿಮೀಟರ್ ತಪ್ಪುತ್ತೆ. ನಂತರ ಬಂದ ನಂಬರ್ 4 ಮಾದರಿಯಲ್ಲಿ ಹಿಂದಿನ ಸೈಟನ್ನ ಕಣ್ಣಿನ ಹತ್ತಿರ ತಂದು ಈ ಅಂತರ 73 ಸೆಂಟಿಮೀಟರ್‌ನಷ್ಟು ಮಾಡಿದರು. ಅದೇ 1 ಮಿಲಿಮೀಟರ್‌ಗೆ ತಪ್ಪು 13ಕ್ಕೆ ಇಳೀತು. ಬ್ಯಾರೆಲ್ ಉದ್ದ ಹೆಚ್ಚಿಸದೆ ಸಿಕ್ಕ ಲಾಭ ಇದು. ಇನ್ನೊಂದು ತಲೆಕೆಳಗಾದ ವಿಷಯ: ಗುಂಡು ಮೇಲೆ ಬೀಳ್ತಿದ್ದರೆ ಮುಂದಿನ ಕಡ್ಡಿಯನ್ನ ಇನ್ನೂ ಎತ್ತರದ್ದು ಹಾಕಬೇಕು, ಆಗ ಬಾಯಿ ಕೆಳಗಿಳಿಯುತ್ತೆ. ಗೆಳೆಯ ಎತ್ತರದ ಕಡ್ಡಿ ಹಾಕಿದ, ಸರಿಹೋಯ್ತು.

ಮರದ ಕಥೆ ಬೇರೆಯೇ. ಬ್ಯಾರೆಲ್ಲನ್ನ ತುದಿವರೆಗೂ ಮರ ಅಪ್ಪಿಕೊಂಡಿರುತ್ತೆ. ಮಳೆಗಾಲದಲ್ಲಿ ನಮ್ಮನೆ ಬಾಗಿಲು ಹೇಗೆ ಹಿಡ್ಕೊಳ್ಳುತ್ತೋ ಹಾಗೆ ಈ ಮರ ಉಬ್ಬಿ ಬ್ಯಾರೆಲ್ ಒತ್ತುತ್ತೆ, ಗುರಿ ಜಾರುತ್ತೆ. ಇಷಾಪುರದೋರು ಮರ ಸೀಳದ ಹಾಗೆ ಅಡ್ಡಲಾಗಿ ಒಂದು ಸ್ಕ್ರೂ ಹಾಕಿದ್ದರು. ಅಮೆರಿಕದ ಸಂಗ್ರಾಹಕರು ಅದನ್ನ ಇವತ್ತಿಗೂ ಇಷಾಪುರ ಸ್ಕ್ರೂ ಅಂತಲೇ ಕರೀತಾರೆ.

ಮನೆಗೆ ಬಂದ ಮೇಲೆ ಗೆಳೆಯ ಮೊದಲು ಮಾಡಿದ ಕೆಲಸ ಒಲೆ ಮೇಲೆ ನೀರಿಟ್ಟಿದ್ದು. ಕಾಫಿಗೆ ಅಂದ್ಕೊಂಡೆ. ಅಲ್ಲ, ಬ್ಯಾರೆಲ್ಲಿಗೆ. ಹಳೇ ಸೈನ್ಯದ ಗುಂಡುಗಳ ಪ್ರೈಮರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರ್ತಿತ್ತು. ಅದು ಉರಿದ ಮೇಲೆ ಉಳಿಯೋದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಗಾಳಿಯ ತೇವ ಎಳ್ಕೊಂಡು ಬ್ಯಾರೆಲ್ ಒಳಗೆ ತುಕ್ಕು ಹಿಡಿಸುತ್ತೆ. ಎಣ್ಣೆ ಎಷ್ಟು ಹಚ್ಚಿದರೂ ಪ್ರಯೋಜನ ಇಲ್ಲ, ಎಣ್ಣೆಯಲ್ಲಿ ಉಪ್ಪು ಕರಗಲ್ಲ. ಒಗ್ಗರಣೆಗೆ ಉಪ್ಪು ಹಾಕಿ ನೋಡಿ, ತಳದಲ್ಲೇ ಕೂತಿರುತ್ತೆ. ಬಿಸಿನೀರು ಸುರಿದು ಕರಗಿಸಿ, ಒರೆಸಿ, ಆಮೇಲೆ ಎಣ್ಣೆ. ಬ್ರಿಟಿಷ್ ಸೈನಿಕರು ಕೊಳವೆ ಇಟ್ಟು ಕುದಿಯೋ ನೀರು ಸುರೀತಿದ್ದರು.

ಹಳೇ ಗುಂಡಿನ ಇನ್ನೊಂದು ತೊಂದರೆ, ಟ್ರಿಗರ್ ಒತ್ತಿದರೆ ಬರೀ ಟಕ್ ಅನ್ನೋದು. ತಕ್ಷಣ ಬೋಲ್ಟ್ ತೆರೀಬಾರದು. ಕೆಲವು ಗುಂಡು ತಡವಾಗಿ ಸಿಡಿಯುತ್ತವೆ. ಬಾಯಿ ಗುರಿ ಕಡೆಗೇ ಇಟ್ಟು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಅವತ್ತು ಹಾಗೆ ಒಂದು ಗುಂಡು ಸಿಡೀಲಿಲ್ಲ. ಕಾದು ಹೊರಗೆ ತೆಗೆದು ಬೆಂಚ್ ಮೇಲಿಟ್ಟ.

ಖಾಲಿ ಹಿತ್ತಾಳೆ ಚಿಪ್ಪು ಆಯ್ದವನು ನಾನು. ಒಂದಷ್ಟು ಡಬ್ಬಿಗೆ, ಒಂದಷ್ಟು ಜಾಕೆಟ್ ಜೇಬಿಗೆ. ನಾಲ್ಕು ದಿನ ಬಿಟ್ಟು ಪುಣೆಗೆ ಹೊರಡೋ ಹಿಂದಿನ ರಾತ್ರಿ ಬ್ಯಾಗ್ ತುಂಬುವಾಗ ಜೇಬಿನಲ್ಲಿ ಏನೋ ಭಾರ. ತೆಗೆದು ನೋಡಿದರೆ ಅದೇ ಸಿಡೀದ ಗುಂಡು. ರೈಫಲ್ ಮುಟ್ಟಲಿಲ್ಲ ಅಂತ ಬೀಗ್ತಿದ್ದೋನ ಜೇಬಿನಲ್ಲಿ ಜೀವಂತ ಮದ್ದು! ಅಲ್ಲಿ ಫೆಡರಲ್ ಕಾನೂನು, ಇಲ್ಲಿ ಇಳಿದರೆ 1959ರ ಆರ್ಮ್ಸ್ ಆ್ಯಕ್ಟ್. ಗೊತ್ತಿಲ್ಲದೆ ಬ್ಯಾಗಿನಲ್ಲಿ ಉಳಿದ ಗುಂಡು ಅಪರಾಧವಲ್ಲ, ಅರಿವಿದ್ದು ಇಟ್ಟುಕೊಂಡಿರಬೇಕು ಅಂತ ನಮ್ಮ ಕೋರ್ಟ್‌ಗಳು ಹೇಳಿವೆ ನಿಜ. ಆದರೆ ಅದನ್ನ ಕೇಳಿಸ್ಕೊಳ್ಳೋದು ಎಫ್‌ಐಆರ್ ಆಗಿ ಎಷ್ಟೋ ತಿಂಗಳಾದ ಮೇಲೆ. ಫೋನ್ ಮಾಡಿದೆ. ಗೆಳೆಯ ರಾತ್ರಿ ಹನ್ನೊಂದಕ್ಕೆ ನಲವತ್ತು ನಿಮಿಷ ಕಾರು ಓಡಿಸ್ಕೊಂಡು ಬಂದು ತಗೊಂಡು ಹೋದ. ಬಯ್ಯಲಿಲ್ಲ, ತಾನೂ ಎಣಿಸಿರಲಿಲ್ಲ ಅಂದ.

ಇಲ್ಲಿ ಈ ರೈಫಲ್ ಹಾರಿಸಬಹುದಾ? ಸಾಮಾನ್ಯ ಜನಕ್ಕೆ ಆಗಲ್ಲ, ತ್ರೀ ನಾಟ್ ತ್ರೀ ನಮ್ಮಲ್ಲಿ ನಿಷೇಧಿತ ಬೋರ್. ಅದಕ್ಕೇ ಸರ್ಕಾರಿ ಕಾರ್ಖಾನೆಯವರು ಇದೇ ವ್ಯವಸ್ಥೆಯ ಮೇಲೆ .315 ಬೋರ್‌ನದ್ದು ಮಾಡಿ ಲೈಸೆನ್ಸ್ ಇದ್ದೋರಿಗೆ ಮಾರ್ತಾರೆ. ಕೊಡಗಿನವರಿಗೆ ಲೈಸೆನ್ಸ್ ವಿನಾಯಿತಿ ಇದೆ, ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಇಡ್ತಾರೆ, ಅದರ ಬಗ್ಗೆ ಕೊಡಗಿನವರೇ ಮಾತಾಡಲಿ. ನಮ್ಮಂಥೋರಿಗೆ ಸುಲಭದ ದಾರಿ 10 ಮೀಟರ್ ಏರ್ ರೈಫಲ್. ಪುಣೆಯಲ್ಲಿ ಬಾಲೇವಾಡಿ, ಮುಂಬೈನಲ್ಲಿ ವರ್ಲಿ, ಹೈದರಾಬಾದಿನಲ್ಲಿ ಗಚ್ಚಿಬೌಲಿ, ದಿಲ್ಲಿಯಲ್ಲಿ ತುಘಲಕಾಬಾದ್‌ನಲ್ಲಿ ರೇಂಜ್‌ಗಳಿವೆ. ಅಲ್ಲಿನ ಹತ್ತರ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ನಾನು ಬಾಲೇವಾಡಿಯಲ್ಲಿ ಮೊದಲ ದಿನ ಹೊಡೆದ ಹತ್ತರಲ್ಲಿ ಮೂರು ಕಾಗದಕ್ಕೇ ತಾಗಲಿಲ್ಲ.